ನೆರಳೂ ಬೇಕು, ದ್ರಾಕ್ಷಿನೂ ಬೇಕು ಅಂದ್ರ ಹೆಂಗ?

ಯುಗಾದಿ ಮುಗೀತು. ಹಿತ್ತಲದ ಚಪ್ಪರದಾಗಿನ ಕಡೀ ದ್ರಾಕ್ಷಿ ಗೊನಿನೂ ಹರದಾತು. ಈಗ ಕತ್ತರಿ ಹಿಡಿಯೋ ಹೊತ್ತು. ಆದ್ರ ಯಾರ ಮನಿಗೆ ಹೋದ್ರೂ ಒಂದ ಮಾತು: "ಈಗ ಬ್ಯಾಡವಾ, ಬಿಸಲ ಕೆಂಡ ಆಗೇತಿ. ಬಳ್ಳಿ ಕೆಳಗ ಹೊರಸು ಹಾಕ್ಕೊಂಡು ಮಕ್ಕೊಂತೀವಿ. ದಸರಾಕ್ಕ ಕತ್ತರಿಸಿದ್ರಾತು." ಸಿಟ್ಟು ಬಂದ್ರ ಬರಲಿ, ನೇರ ಹೇಳತೀನಿ. ಈ ಮಾತಿನಿಂದನ ನಮ್ಮ ಮನಿ ಬಳ್ಳಿಗೋಳು ಬಂಜಿ ಆಗಾಕತ್ತಾವು.

ನಮ್ಮ ವಿಜಯಪುರ ಸೀಮಿಯ ದ್ರಾಕ್ಷಿ ಪಡಗಳಾಗ ವರ್ಷಕ್ಕ ಎರಡು ಚಾಟ್ನಿ. ಹಣ್ಣು ಹರದ ಮ್ಯಾಲೆ ಎಪ್ರಿಲ್ ಸುಮಾರಿಗೆ ಒಂದು, ಮಳಿ ಹಿಂದ ಸರಿಯೋ ಅಕ್ಟೋಬರ್ ಸುಮಾರಿಗೆ ಇನ್ನೊಂದು. ಎಪ್ರಿಲ್‌ದಾಗ ಹಳೇ ಕಡ್ಡಿಗೆ ಬುಡದ ಒಂದೋ ಎರಡೋ ಕಣ್ಣು ಬಿಟ್ಟು ಉಳದದ್ದೆಲ್ಲಾ ತಗೀತಾರ. ಅಲ್ಲಿಂದ ಬಂದ ಹೊಸಾ ಕಡ್ಡೀನ ಅಕ್ಟೋಬರ್‌ದಾಗ ದಪ್ಪ ನೋಡಿ 8-10 ಕಣ್ಣು ಬಿಟ್ಟು ತುದಿ ತಗೀತಾರ. ಗೊನಿ ಕಾಣೂದು ಆಮ್ಯಾಲೆ. ಪಡದಾಗ ಕೂಲಿಗೆ ಹೋಗೋ ಹೆಣ್ಮಕ್ಕಳಿಗೆ ಇದು ಬಾಯಿಪಾಠ. ಮನಿ ಬಳ್ಳಿಗೆ ಮಾತ್ರ ಒಂದ ಚಾಟ್ನಿ ಸಾಕು ಅಂತ ಯಾರು ಹೇಳಿದ್ರು?

ಗೊನಿ ಕಾಣೂದು ಅಕ್ಟೋಬರ್ ಆದ ಮ್ಯಾಲೆ, ಖರೆ. ಆದ್ರ ಅದು ಹುಟ್ಟೂದು ಬ್ಯಾಸಗ್ಯಾಗ. ಎಪ್ರಿಲ್ ಚಾಟ್ನಿ ಆಗಿ ಒಂದೂವರಿ-ಎರಡು ತಿಂಗಳಿನಾಗ ಹೊಸಾ ಕಡ್ಡಿಯ ಕಣ್ಣಿನೊಳಗ ತೀರ್ಮಾನ ಆಗತೈತಿ, ಇದು ಗೊನಿ ಆಗಬೇಕೋ, ಬರೇ ನುಲಿಬಳ್ಳಿ ಆಗಬೇಕೋ ಅಂತ. ಛಲೋ ಬಿಸಲು ಬಿದ್ದ ಕಣ್ಣಾಗ ಗೊನಿ ಕಟ್ಟತೈತಿ. ದಟ್ಟ ನೆರಳಾಗ ಕುಂತ ಕಣ್ಣು ನುಲಿಬಳ್ಳಿ ಆಗಿ ತಂತಿ ಸುತ್ತತೈತಿ. ನಾವು ಬೈಯೋ ಬಿಸಲ ಅದಕ್ಕ ಬೇಕಾದ್ದು. ನಮ್ಮ ಹೊರಸಿನ ನೆರಳಿಗಂತ ಅದನ್ನ ತಡದು, ಆಮ್ಯಾಲೆ "ಬಳ್ಳಿ ಬರೇ ಎಲಿ ಬಿಡತೈತಿ" ಅಂತ ಅದಕ್ಕ ಬೈದ್ರ ನ್ಯಾಯ ಏನು?

"ನಮ್ಮದು ಚಾಟ್ನಿ ಮಾಡದಿದ್ರೂ ಹಣ್ಣು ಬಿಡತೈತಿ" ಅಂತೀರಿ. ಬಿಡತೈತಿ, ಎಲ್ಲಿ? ಬಿಸಲು ಸಿಗೋ ತುದಿಯಾಗ, ಬಾಜೂ ಮನಿ ಮಾಳಗಿ ಮ್ಯಾಲೆ. ಬುಡದ ಕಡೆ ಬರೇ ಒಣಾ ಕಟ್ಟಿಗಿ. ಮಳ್ಯಾಗ ಗಾಳಿ ಆಡದ ಆ ದಟ್ಟ ಎಲಿ ಕೆಳಗ ಬಿಳೀ ಬೂಜು. ಆ ಹಣ್ಣಿಗೆ ನಮ್ಮ ಕೈ ಮುಟ್ಟೂದಿಲ್ಲ, ಗುಬ್ಬಿ ಪಾಲು.

"ಕತ್ತರಿಸಿದ್ರ ಬಳ್ಳಿ ಅಳತೈತಿ" ಅನ್ನೋರೂ ಅದಾರ. ಕಡದಲ್ಲಿ ತಟಗುಡೋದು ಬೇರು ಏರಿಸಿದ ನೀರು. ನಾಕು ದಿನಕ್ಕ ತಾನ ನಿಲ್ಲತೈತಿ. ಬಳ್ಳಿ ಸಾಯೂದಿಲ್ಲ.

ನಾನೂ ಎರಡು ವರ್ಷ ಎಪ್ರಿಲ್ ಚಾಟ್ನಿ ತಪ್ಪಿಸಿದಾಕಿ. ಅತ್ತಿಯವರ ಹೊರಸು ಬಳ್ಳಿ ಕೆಳಗ ಇತ್ತು, ಅವರಿಗೆ ಧಗಿ ತಡೀತಿರಲಿಲ್ಲ. ಮೂರನೇ ವರ್ಷ ಸಿಕ್ಕದ್ದು ಐದು ಗೊನಿ. ಆ ಬಳ್ಳಿ ಹಚ್ಚಿದವರು ಅವರ. ಒಂದು ಗೊನಿ ಕೈಯಾಗ ಹಿಡದು, "ನನ್ನ ಸಲುವಾಗಿ ಇದರ ಹೊಟ್ಟಿ ಯಾಕ ಕಟ್ಟಿದಿ?" ಅಂದ್ರು. ಮುಂದಿನ ಎಪ್ರಿಲ್‌ಗೆ ನಾನ ಕತ್ತರಿ ಹಿಡದೆ. ಚಪ್ಪರದ ತಂತಿ ಕೆಳಗ, ಮ್ಯಾಲಲ್ಲ, ಎರಡು ಹಳೇ ನೂಲಿನ ಸೀರಿ ಕಟ್ಟಿದೆ. ಬಳ್ಳಿಗೆ ಬಿಸಲು, ಅತ್ತಿಯವರಿಗೆ ನೆರಳು. ಮಳಿಗಾಲ ಹಿಡಿಯೋದ್ರಾಗ ಎಲಿ ತುಂಬಿತ್ತು, ಸೀರಿ ಬಿಚ್ಚಿದೆ.

ಗಂಡಸರು ಬರಲಿ ಅಂತ ಕಾಯಬ್ಯಾಡ್ರಿ. ಪಡದಾಗ ಕಣ್ಣು ಎಣಿಸೋ ಕೈ ಮನಿಯಾಗ ಯಾಕ ನಡುಗಬೇಕು? ಹರಿತ ಕತ್ತರಿ ತೊಳದು ಒರಸಿ, ಕಣ್ಣಿನ ಮ್ಯಾಲೆ ಅರ್ಧ ಇಂಚು ಬಿಟ್ಟು ಕತ್ತರಿಸ್ರಿ. ಗೊಬ್ಬರ, ನೀರು ಕೊಡ್ರಿ. ಚಿಗುರು ಬಂದ ಮ್ಯಾಲೆ ಸೊರಗಿದ್ದು, ಒತ್ತಾಗಿದ್ದು ಚಿವುಟಿ ತಗೀರಿ. ಪಡದಾಗ ಕಣ್ಣು ಒಡೀಲಿ ಅಂತ ಹಚ್ಚೋ ಔಷಧ ಮಾತ್ರ ಮನಿಗೆ ತರಬ್ಯಾಡ್ರಿ, ಅದು ವಿಷ. ಚಿಗುರು ನಾಕು ದಿನ ತಡಾ ಆದ್ರ ಆಗಲಿ.

ಬೆಂಗಳೂರಾಗಿನ ತಂಗೇರ, ನಿಮ್ಮ ಕಡೆ ಬೆಂಗಳೂರು ಬ್ಲೂ ವರ್ಷಕ್ಕ ಎರಡು ಬೆಳಿ ಕೊಡತೈತಿ, ಅದರ ಲೆಕ್ಕ ಬ್ಯಾರೆ. ನಾ ಹೇಳಿದ್ದು ನಮ್ಮ ಬೀಜ ಇಲ್ಲದ ಬಿಳೀ ದ್ರಾಕ್ಷಿ ಮಾತು.

ಉಳದವರು ಈ ವಾರನ ಹಳೇ ಸೀರಿ ಹುಡುಕಿ ಇಡ್ರಿ. ಕತ್ತರಿ ಇಲ್ಲ ಅಂದ್ರ ನಮ್ಮನಿಗೆ ಬರ್ರಿ, ಕೊಡತೀನಿ.