ಪ್ರಮಾಣಿಸಲು ಏನಿದೆ?

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕಂತೆ. ಈ ವಾರ ತುಮಕೂರಿನ ಗ್ಯಾರೇಜೊಂದರಲ್ಲಿ, ಮೋಸ ಹೋಗಿ ತಲೆ ತಗ್ಗಿಸಿ ನಿಂತಿದ್ದ ಹುಡುಗನಿಗೆ ಹಿರಿಯರೊಬ್ಬರು ಈ ಗಾದೆ ಹೇಳಿದರು. ನನಗೆ ಇನ್ನೂ ಸಿಟ್ಟು ಇಳಿದಿಲ್ಲ.

ಎಪಿಎಂಸಿ ಯಾರ್ಡಿನಿಂದ ಅಂಗಡಿಗಳಿಗೆ ತರಕಾರಿ ಲೋಡು ಹೊಡೆಯುವ ಹುಡುಗ ಅವನು. ಇನ್ನೊಬ್ಬರ ಗಾಡಿಯಲ್ಲಿ ಸಂಬಳಕ್ಕಿದ್ದವನು ಫೈನಾನ್ಸ್ ಮಾಡಿಸಿ ಸೆಕೆಂಡ್ ಹ್ಯಾಂಡ್ ಟಾಟಾ ಏಸ್ ಕೊಂಡ. ಮೀಟರಿನಲ್ಲಿ ಇದ್ದದ್ದು 68,000 ಕಿ.ಮೀ. ‘ಸಿಂಗಲ್ ಓನರ್, ಕಮ್ಮಿ ಓಡಿದೆ’ ಎಂದಿದ್ದ ಬ್ರೋಕರ್. ಎರಡನೇ ಕಂತು ಕಟ್ಟುವ ಮೊದಲೇ ಗಾಡಿ ಹೊಗೆ ಕಾರಿ, ಏರು ಹತ್ತದಾಯಿತು. ಮೆಕ್ಯಾನಿಕ್ ಡ್ರೈವರ್ ಸೀಟಿನ ಮುಂದಿನ ಮ್ಯಾಟ್ ಎತ್ತಿದ. ಪೆಡಲುಗಳಿಗೆ ಹೊಸ ರಬ್ಬರ್ ತೊಡಿಸಿದ್ದರು. ಹಿಮ್ಮಡಿ ಊರುವ ಜಾಗದಲ್ಲಿ ಮಾತ್ರ ಬಣ್ಣ ಪೂರ್ತಿ ಹೋಗಿ ತಗಡು ಹೊಳೆಯುತ್ತಿತ್ತು. “ನೋಡಪ್ಪ, ಅರವತ್ತು ಸಾವಿರಕ್ಕೆ ಹಿಂಗೆ ಸವೆಯಲ್ಲ” ಅಂದ. ಸರ್ವೀಸ್ ಸೆಂಟರಿನಲ್ಲಿ ಹಳೆಯ ಜಾಬ್ ಕಾರ್ಡ್ ತೆಗೆಸಿದರೆ, ಎರಡು ವರ್ಷದ ಹಿಂದೆಯೇ 1,90,000 ದಾಟಿತ್ತು.

ಈಗ ಹೇಳಿ, ಅವನು ಏನನ್ನು ಪ್ರಮಾಣಿಸಬೇಕಿತ್ತು? ಹಿಂದೆ ಮೀಟರ್ ಬಿಚ್ಚಿ ಚಕ್ರ ತಿರುಗಿಸುತ್ತಿದ್ದರು, ಅಂಕಿಗಳು ಸೊಟ್ಟಗೆ ನಿಂತು ಗುಟ್ಟು ಬಿಟ್ಟುಕೊಡುತ್ತಿದ್ದವು. ಈಗ ಅಂಕಿ ಇರುವುದು ಚಿಪ್ಪಿನಲ್ಲಿ. ಒಂದು ಸಣ್ಣ ಯಂತ್ರ ಚುಚ್ಚಿ ಬೇಕಾದ ಸಂಖ್ಯೆ ಬರೆಯುತ್ತಾರೆ. ನೋಡುವ ಕಣ್ಣಿಗೆ ಗುರುತೇ ಸಿಗದು. ಜಾಬ್ ಕಾರ್ಡ್ ಕೂಡ ಅವನ ಕೈಗೆ ಬಂದದ್ದು ಗಾಡಿ ಅವನ ಹೆಸರಿಗಾದ ಮೇಲೆಯೇ.

ಮಾಲೀಕತ್ವ ಬದಲಿಸಲು ತುಂಬುವ ನಮೂನೆ 29 ಮತ್ತು 30ರಲ್ಲಿ ಚಾಸಿ ನಂಬರ್ ಕೇಳುತ್ತಾರೆ, ಎಷ್ಟು ಕಿ.ಮೀ. ಓಡಿದೆ ಎಂದು ಕೇಳುವುದಿಲ್ಲ. ಬಾಡಿಗೆ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಆಗಲೇಬೇಕು. ಪ್ರತಿ ಸಲವೂ ಮೀಟರಿನ ಅಂಕಿ ಬರೆದು, ಕೊಳ್ಳುವವನು ಮೊಬೈಲಿನಲ್ಲೇ ನೋಡುವಂತೆ ವಾಹನ್ ಪೋರ್ಟಲ್‌ಗೆ ಹಾಕಲು ಏನು ಕಷ್ಟ? ಅಮೆರಿಕ ಮೀಟರ್ ತಿರುಗಿಸುವುದನ್ನು 1972ರಲ್ಲೇ ಕಾನೂನು ಮಾಡಿ ನಿಷೇಧಿಸಿತು. ನಮ್ಮಲ್ಲಿ ಅದಕ್ಕೆಂದೇ ಒಂದು ಕಾನೂನಿಲ್ಲ, ವಂಚನೆಯ ಸಾಮಾನ್ಯ ಕಲಮಿನಡಿ ಪೊಲೀಸ್ ಠಾಣೆಗೆ ಅಲೆಯಬೇಕು.

ಇದು ಬರೀ ದುಡ್ಡಿನ ಮಾತೂ ಅಲ್ಲ. ಬ್ರೇಕ್ ಲೈನರ್, ಕ್ಲಚ್ ಪ್ಲೇಟ್, ಗೇರ್ ಆಯಿಲ್ ಎಲ್ಲವನ್ನೂ ಡ್ರೈವರ್ ಬದಲಿಸುವುದು ಮೀಟರ್ ನೋಡಿಯೇ. ಸುಳ್ಳು ಮೀಟರ್ ನಂಬಿ ಲೋಡು ತುಂಬಿ ಇಳಿಜಾರಿಗೆ ಇಳಿದವನ ಮುಂದೆ ಶಾಲೆ ಬಿಟ್ಟ ಮಕ್ಕಳಿರಬಹುದು.

ಬ್ರೋಕರನ್ನು ಆ ಹಿರಿಯರು ಒಂದು ಮಾತೂ ಅನ್ನಲಿಲ್ಲ. ಅವನದು ‘ವ್ಯಾಪಾರ’ವಂತೆ. ಹುಡುಗನದು ಮಾತ್ರ ದಡ್ಡತನ! ಕದ್ದವನನ್ನು ಬಿಟ್ಟು ಕಳಕೊಂಡವನಿಗೆ ಬುದ್ಧಿ ಹೇಳುವ ಈ ಚಾಳಿಯೇ ಮೀಟರ್ ತಿರುಗಿಸುವವರ ದೊಡ್ಡ ಬಂಡವಾಳ.

ಸ್ವಂತ ಹೊಟ್ಟೆಪಾಡಿಗೆ ಕೊಂಡ ಗಾಡಿಯಾದ್ದರಿಂದ ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಅವನಿಗೆ ದಾರಿಯಿದೆ. ಕೊಡು ಎಂದೆ. “ಸಾರ್, ಇಂಜಿನ್ ಕೆಲಸಕ್ಕೇ ಸಾಲ ಮಾಡ್ಬೇಕು. ಕೇಸಿಗೆ ಓಡಾಡಿದ ದಿನ ಬಾಡಿಗೆ ಹೋಯ್ತು. ಐದನೇ ತಾರೀಕು ಕಂತು” ಅಂದ. ಜಾಬ್ ಕಾರ್ಡಿನ ಪ್ರತಿ ಅವನಲ್ಲಿದೆ. ದೂರು ಬರೆದುಕೊಡುವ ಕೆಲಸ ನನ್ನದು ಎಂದು ಹೇಳಿದ್ದೇನೆ.