ಕಾಲಳತೆಯ ಸೈಕಲ್ಲು

ಮೂರು ವರ್ಷಗಳ ಹಿಂದೆ ಜೇವರ್ಗಿ ಸೀಮೆಯ ಇಜೇರಿಗೆ ನಾವು ಹೋಗಿದ್ದಾಗ, ಊರಾಚೆಯ ಹೊಲದ ಮನೆಯಲ್ಲಿ ವಾಸವಿರುವ ಭಕ್ತರೊಬ್ಬರು ಏಳನೆಯ ತರಗತಿಯ ಮೊಮ್ಮಗನಿಗೆ ಸೈಕಲ್ಲು ಕೊಳ್ಳುವ ಮಾತು ತೆಗೆದರು. "ಬೆಳೆಯುವ ಹುಡುಗ, ದೊಡ್ಡದನ್ನೇ ತನ್ನಿರಿ, ಕಾಲೇಜಿನವರೆಗೂ ಬಂದೀತು" ಎಂದು ಹೇಳಿದವರು ನಾವೇ. ದೊಡ್ಡಂಗಿ ಹೊಲಿಸುವ ಲೆಕ್ಕವನ್ನು ಸೈಕಲ್ಲಿಗೂ ಹಚ್ಚಿದ್ದೆವು. ಅವರು 24 ಅಂಗುಲದ ಫ್ರೇಮಿನ ಸೈಕಲ್ಲನ್ನು ತಂದರು.

ಮಳೆಗಾಲದಲ್ಲಿ ಎರೆಮಣ್ಣು ಗಾಲಿಗೆ ಮೆತ್ತಿ ಸೈಕಲ್ಲು ತಟ್ಟನೆ ನಿಂತಿತು. ಬಾಲಕನ ಕಾಲು ನೆಲಕ್ಕೆ ಎಟುಕಲಿಲ್ಲ. ಮೇಲಿನ ದಂಡದ ಮೇಲೆ ಕುಸಿದ. ಹೇಳಿಕೊಳ್ಳಲಾಗದ ಜಾಗಕ್ಕೆ ಪೆಟ್ಟು. ನಾಚಿಕೆಯಿಂದ ಯಾರಿಗೂ ತಿಳಿಸದೆ ವಾರದಷ್ಟು ಕಾಲ ಶಾಲೆ ತಪ್ಪಿಸಿದನಂತೆ. ಮುಂದಿನ ಸಲ ನಾವು ಹೋದಾಗ ಸೈಕಲ್ಲು ದನದ ಕೊಟ್ಟಿಗೆಯಲ್ಲಿತ್ತು.

ಅಂಗಿ ದೊಡ್ಡದಾದರೆ ತೋಳು ಮಡಚಬಹುದು. ಸೈಕಲ್ಲಿನ ಸೀಟನ್ನೂ ಏರಿಸಿ ಇಳಿಸಬಹುದು, ಹ್ಯಾಂಡಲ್ಲನ್ನು ತುಸು ಹೊಂದಿಸಬಹುದು. ಆದರೆ ದಂಡದ ಎತ್ತರ ಕಾರಖಾನೆಯಲ್ಲಿಯೇ ನಿಶ್ಚಯವಾದದ್ದು. ಅಂಗಡಿಯಲ್ಲಿ ಕೇಳಿಬರುವ 26, 28 ಎಂಬ ಸಂಖ್ಯೆಗಳು ಸಾಮಾನ್ಯವಾಗಿ ಗಾಲಿಯವು. ಫ್ರೇಮಿನ ಅಳತೆಯೇ ಬೇರೆ: ಪೆಡಲ್ಲುಗಳ ಅಚ್ಚಿನಿಂದ ಸೀಟಿನ ಕಂಬ ಇಳಿಯುವ ಕೊಳವೆಯ ಮೇಲ್ತುದಿಯವರೆಗೆ. ಹಳೆಯ ಕರಿ ಸೈಕಲ್ಲುಗಳಲ್ಲಿ ಅದು 22 ಅಥವಾ 24 ಅಂಗುಲ, ಗಾಲಿ ಮಾತ್ರ ಎರಡಕ್ಕೂ 28.

ಆದುದರಿಂದ ಕೊಳ್ಳುವ ಮುನ್ನ ಮಗುವನ್ನೇ ಅಂಗಡಿಗೆ ಕರೆದೊಯ್ಯಬೇಕು. ಸೀಟಿನ ಮುಂದೆ ದಂಡವನ್ನು ಕಾಲುಗಳ ನಡುವೆ ಇರಿಸಿಕೊಂಡು ಎರಡೂ ಪಾದಗಳನ್ನು ಊರಿ ನಿಂತಾಗ, ದಂಡಕ್ಕೂ ತೊಡೆಸಂದಿಗೂ ನಡುವೆ ಎರಡು ಬೆರಳಗಲವಾದರೂ ತೆರವು ಉಳಿಯಬೇಕು. ಅನಂತರ ಸೀಟು. ಕೆಳಗಿಳಿದ ಪೆಡಲ್ಲಿನ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ನೆಟ್ಟಗಾದರೆ ಎತ್ತರ ಸರಿ. ಮುಂಗಾಲಿನಿಂದ ತುಳಿಯುವಾಗ ಮೊಣಕಾಲು ತುಸು ಮಣಿದಿರುತ್ತದೆ. ಸೀಟು ತೀರ ತಗ್ಗಿದ್ದರೆ ಮೊಣಕಾಲು ನೋಯುವುದು. ಏರಿಸುವಾಗ ಕಂಬದ ಮೇಲಿನ ಮಿತಿಯ ಗೆರೆ ಹೊರಗೆ ಕಾಣಬಾರದು. ಕೈ ಚಾಚಿದಾಗ ಮೊಣಕೈ ಸೆಟೆಯಬಾರದು.

2006-07ರಲ್ಲಿ ರಾಜ್ಯ ಸರಕಾರವು ಎಂಟನೆಯ ತರಗತಿಯವರಿಗೆ ಸೈಕಲ್ಲು ಹಂಚತೊಡಗಿದಾಗ ಬಾಲಕಿಯರಿಗೆ ಮೇಲಿನ ದಂಡವಿಲ್ಲದ ಸೈಕಲ್ಲು ದೊರೆಯಿತು. ಅಂತಹುದು ಗಿಡ್ಡ ಬಾಲಕನಿಗೂ, ಧೋತರ ಉಡುವ ಅಜ್ಜನಿಗೂ ಒಪ್ಪುವಂತಹುದು. ಹೆಣ್ಣುಮಕ್ಕಳ ಸೈಕಲ್ಲೆಂದು ನಗುವವರು ನಗಲಿ.

ಇಜೇರಿಯ ಆ ದೊಡ್ಡ ಸೈಕಲ್ಲನ್ನು ಬಾಲಕನ ಕಾಕಾ ಇರಿಸಿಕೊಂಡರು. ಎರಡನೆಯ ಸಲ ಅಂಗಡಿಗೆ ನಾವೂ ಹೋಗಿದ್ದೆವು. ಸಲಹೆ ಮಾತ್ರ ಕೊಡಲಿಲ್ಲ. ಹುಡುಗನೇ ಮೂರು ಸೈಕಲ್ಲುಗಳನ್ನು ಕಾಲ ನಡುವೆ ಇರಿಸಿಕೊಂಡು ನಿಂತು ನೋಡಿ, 18 ಅಂಗುಲದ್ದನ್ನು ಆರಿಸಿಕೊಂಡ.