ಮಗುವಿನ ಪ್ರಶ್ನೆಗೆ ಬಹಿಷ್ಕಾರವು ಉತ್ತರವೇ?

ಮತಗಳ ಇತಿಹಾಸದಲ್ಲಿ ಗ್ರಂಥಗಳಿಗೆ ಅಂಜಿದ ಪ್ರಸಂಗಗಳು ಹೇರಳವಾಗಿವೆ. ಮಕ್ಕಳ ಕಥೆಯೊಂದಕ್ಕೆ ಅಂಜಿದ ಪ್ರಸಂಗವೂ ಅವುಗಳಲ್ಲಿ ಒಂದುಂಟು. 2007ನೆಯ ಇಸವಿಯ ಡಿಸೆಂಬರ್ 7ರಂದು ಅಮೆರಿಕದ ಚಿತ್ರಮಂದಿರಗಳಲ್ಲಿ ‘ದಿ ಗೋಲ್ಡನ್ ಕಂಪಾಸ್’ ಎಂಬ ಮಕ್ಕಳ ಚಲನಚಿತ್ರ ತೆರೆಗೆ ಬಂದಿತು. ಅದಕ್ಕೆ ಎರಡು ತಿಂಗಳ ಮೊದಲೇ, ಎಂದರೆ ಜನಸಾಮಾನ್ಯರಾರೂ ಅದನ್ನು ನೋಡುವ ಮುನ್ನವೇ, ಕ್ಯಾಥೊಲಿಕ್ ಲೀಗ್ ಎಂಬ ಸಂಸ್ಥೆಯೂ ಅದರ ಅಧ್ಯಕ್ಷರಾದ ಬಿಲ್ ಡೊನೊಹ್ಯೂ ಅವರೂ ಕ್ರೈಸ್ತ ಕುಟುಂಬಗಳು ಆ ಚಿತ್ರವನ್ನು ಬಹಿಷ್ಕರಿಸಬೇಕೆಂದು ಕರೆಯಿತ್ತರು. ಅದು ಕ್ರೈಸ್ತವಿರೋಧಿಯೆಂದೂ ಎಳೆಯ ಮನಸ್ಸುಗಳಲ್ಲಿ ನಾಸ್ತಿಕತೆಯನ್ನು ಬಿತ್ತುವ ಹುನ್ನಾರವೆಂದೂ ಅವರ ಆಕ್ಷೇಪವಾಗಿತ್ತು.

ಪರರ ಮನೆಯ ವಿವಾದ ನಮಗೇಕೆ ಎಂದು ವಾಚಕರು ಕೇಳಬಹುದು. ತನ್ನನ್ನು ಟೀಕಿಸುವ ಕೃತಿಯೊಡನೆ ಧರ್ಮವು ಹೇಗೆ ನಡೆದುಕೊಳ್ಳಬೇಕು, ಮಕ್ಕಳ ಮನಸ್ಸಿನಲ್ಲಿ ಮೂಡುವ ಸಂದೇಹವನ್ನು ಹಿರಿಯರು ಹೇಗೆ ಎದುರಿಸಬೇಕು ಎಂಬ ಪ್ರಶ್ನೆಗಳು ಯಾವುದೇ ಒಂದು ಮತಕ್ಕೆ ಮೀಸಲಾದುವಲ್ಲ. ಪರರ ಮನೆಯ ತಪ್ಪನ್ನು ಶಾಂತವಾಗಿ ಪರಿಶೀಲಿಸಿದವನು ತನ್ನ ಮನೆಯಲ್ಲಿ ಅದೇ ತಪ್ಪನ್ನು ಮಾಡುವ ಮೊದಲು ಒಂದು ಕ್ಷಣ ತಡೆದಾನು.

ಚಿತ್ರಕ್ಕೆ ಆಧಾರವಾದುದು ಇಂಗ್ಲೆಂಡಿನ ಲೇಖಕ ಫಿಲಿಪ್ ಪುಲ್ಮನ್ ಅವರ ‘ಹಿಸ್ ಡಾರ್ಕ್ ಮೆಟೀರಿಯಲ್ಸ್’ ಎಂಬ ಕಾದಂಬರಿತ್ರಯದ ಮೊದಲ ಭಾಗ. 1995ರಲ್ಲಿ ‘ನಾರ್ದರ್ನ್ ಲೈಟ್ಸ್’ ಎಂಬ ಹೆಸರಿನಿಂದ ಹೊರಬಂದ ಈ ಪುಸ್ತಕ ಮಕ್ಕಳ ಸಾಹಿತ್ಯಕ್ಕೆ ಮೀಸಲಾದ ಕಾರ್ನೆಗಿ ಪದಕವನ್ನು ಪಡೆಯಿತು. 1997 ಮತ್ತು 2000ದಲ್ಲಿ ಉಳಿದೆರಡು ಭಾಗಗಳು ಬಂದುವು. ಈ ಕಥಾಲೋಕದಲ್ಲಿ ಪ್ರತಿಯೊಬ್ಬ ಮನುಷ್ಯನ ಆತ್ಮವೂ ಪ್ರಾಣಿಯ ರೂಪದಲ್ಲಿ ದೇಹದ ಹೊರಗೆ ಅವನ ಜೊತೆಯಲ್ಲಿಯೇ ಸಂಚರಿಸುತ್ತದೆ. ಅದಕ್ಕೆ ಡೀಮನ್ ಎಂದು ಹೆಸರು. ಮಕ್ಕಳ ಡೀಮನ್ ಗಳಿಗೆಗೊಂದು ರೂಪವನ್ನು ತಾಳುತ್ತದೆ. ಪ್ರಾಯ ಬಂದಾಗ ಒಂದೇ ರೂಪದಲ್ಲಿ ನೆಲೆ ನಿಲ್ಲುತ್ತದೆ. ಆ ಲೋಕವನ್ನು ಆಳುವ ಮ್ಯಾಜಿಸ್ಟೀರಿಯಂ ಎಂಬ ಧಾರ್ಮಿಕ ಪ್ರಭುತ್ವವು, ಪ್ರಾಯಕ್ಕೆ ಬಂದವರತ್ತ ಸುಳಿಯುವ ‘ಧೂಳು’ ಎಂಬ ನಿಗೂಢ ಕಣಗಳೇ ಪಾಪದ ಮೂಲವೆಂದು ಬಗೆಯುತ್ತದೆ. ಆ ಪಾಪ ತಗಲದಿರಲೆಂದು ಅದರ ಕೈಯಾಳುಗಳು ಮಕ್ಕಳನ್ನು ಕದ್ದೊಯ್ದು, ಉತ್ತರದ ಹಿಮಪ್ರದೇಶದಲ್ಲಿ ಅವರನ್ನು ಅವರ ಡೀಮನ್‌ಗಳಿಂದ ಕತ್ತರಿಸಿ ಬೇರ್ಪಡಿಸುತ್ತಾರೆ. ಹಾಗೆ ಕತ್ತರಿಸಲ್ಪಟ್ಟ ಮಗು ಬದುಕಿದ್ದರೂ ಬರಿಯ ಚಿಪ್ಪು. ಲೈರಾ ಎಂಬ ಹುಡುಗಿ, ಕೇಳಲು ಬಲ್ಲವರಿಗೆ ಮಾತ್ರ ಸತ್ಯವನ್ನು ನುಡಿಯುವ ಒಂದು ಯಂತ್ರವನ್ನು ಕೈಯಲ್ಲಿ ಹಿಡಿದು, ಆ ಮಕ್ಕಳನ್ನು ಬಿಡಿಸಲು ಹೊರಡುತ್ತಾಳೆ.

ಆಕ್ಷೇಪ ನಿರಾಧಾರವಾಗಿತ್ತೆಂದು ನಾವು ಹೇಳುವುದಿಲ್ಲ. ‘ಮ್ಯಾಜಿಸ್ಟೀರಿಯಂ’ ಎಂಬುದು ಕ್ಯಾಥೊಲಿಕ್ ಚರ್ಚು ತನ್ನ ಬೋಧನಾಧಿಕಾರಕ್ಕೆ ಇಟ್ಟುಕೊಂಡಿರುವ ಹೆಸರು. ಮೂರನೆಯ ಭಾಗದಲ್ಲಿ ತಾನೇ ಸೃಷ್ಟಿಕರ್ತನೆಂದು ಸುಳ್ಳಾಡಿದ ಆದಿದೇವದೂತನು ಜರಾಜೀರ್ಣನಾಗಿ ಗಾಳಿಯಲ್ಲಿ ಕರಗಿಹೋಗುತ್ತಾನೆ. ಕ್ರೈಸ್ತ ನಂಬುಗೆಯ ಬುಡವನ್ನು ಸಡಿಲಿಸುವುದು ತಮ್ಮ ಉದ್ದೇಶವೆಂದು ಲೇಖಕರು 2001ರಲ್ಲಿಯೇ ಪತ್ರಿಕೆಯೊಂದಕ್ಕೆ ಮುಚ್ಚುಮರೆಯಿಲ್ಲದೆ ತಿಳಿಸಿದ್ದರು. ಕ್ರೈಸ್ತ ಪಾದ್ರಿಯೊಬ್ಬರ ಮೊಮ್ಮಗನಾಗಿ, ಆ ಅಜ್ಜನ ಆಸರೆಯಲ್ಲಿ ಬೆಳೆದ ಅವರು ತಾವು ಯಾವುದನ್ನು ಎದುರಿಸುತ್ತಿದ್ದೇವೆಂಬುದನ್ನು ಅರಿಯದವರಲ್ಲ. ತಾನು ಪೂಜ್ಯವೆಂದು ನಂಬಿದುದನ್ನು ಇನ್ನೊಬ್ಬನು ಹೀಗೆ ಚಿತ್ರಿಸಿದಾಗ ಭಕ್ತನಿಗೆ ನೋವಾಗುವುದು ಸಹಜ. ಆ ನೋವನ್ನು ಹಾಸ್ಯಮಾಡುವವನು ಸಜ್ಜನನಲ್ಲ.

ಆಕ್ಷೇಪಕರ ವಾದದ ಬಲವಾದ ಭಾಗವನ್ನೂ ನ್ಯಾಯವಾಗಿ ಮುಂದಿಡೋಣ. ಚಿತ್ರವನ್ನು ನಿರ್ಮಿಸಿದ ನ್ಯೂ ಲೈನ್ ಸಂಸ್ಥೆ ಮೂಲಗ್ರಂಥದ ಧರ್ಮವಿರೋಧಿ ಅಂಶಗಳನ್ನು ಬಹುಮಟ್ಟಿಗೆ ತೆಗೆದುಹಾಕಿತ್ತು. ಚಿತ್ರದಲ್ಲಿ ಅಷ್ಟೇನೂ ದೋಷವಿಲ್ಲವೆಂದು ಡೊನೊಹ್ಯೂ ಅವರೂ ಒಪ್ಪಿದ್ದರು. ಅವರ ಭಯ ಬೇರೆಯದಾಗಿತ್ತು. ಕ್ರಿಸ್ಮಸ್ ಋತುವಿನಲ್ಲಿ ಈ ನಿರಪಾಯಕಾರಿ ಚಿತ್ರವನ್ನು ನೋಡಿದ ಮಕ್ಕಳು ಪುಸ್ತಕಗಳನ್ನು ಬೇಡುವರು. ಏನೂ ಅರಿಯದ ತಂದೆತಾಯಿಗಳು ಕೊಂಡುಕೊಡುವರು. ಹೀಗೆ ಚಿತ್ರವು ಗಾಳಕ್ಕೆ ಸಿಕ್ಕಿಸಿದ ಎರೆಯಾಗುವುದು ಎಂಬುದೇ ಅವರ ವಾದ. ತಮ್ಮ ಮಕ್ಕಳು ಓದುವುದರ ಸ್ವರೂಪವನ್ನು ತಿಳಿಯುವ ಹಕ್ಕು ತಂದೆತಾಯಿಗಳಿಗೆ ಉಂಟು. ಅವರಿಗೆ ಅದನ್ನು ತಿಳಿಸಿದ್ದರೆ ಲೀಗಿನ ಕರ್ತವ್ಯ ಮುಗಿಯುತ್ತಿತ್ತು. ಆದರೆ ತಿಳಿಸುವುದು ಬೇರೆ, ಗುಂಪುಕಟ್ಟಿ ಕೃತಿಯ ಕತ್ತು ಹಿಸುಕುವುದು ಬೇರೆ.

ಮಕ್ಕಳ ಕಥೆಯ ಮೂಲಕ ಮತವಿಚಾರವನ್ನು ಹೇಳುವುದೇ ತಪ್ಪೆಂದಾದರೆ ಆ ನಿಯಮ ಎಲ್ಲರಿಗೂ ಅನ್ವಯಿಸಬೇಕು. ಇದಕ್ಕೆ ಕೇವಲ ಎರಡು ವರ್ಷಗಳ ಹಿಂದೆ, 2005ರ ಡಿಸೆಂಬರಿನಲ್ಲಿ, ಸಿ. ಎಸ್. ಲೂಯಿಸ್ ಅವರ ನಾರ್ನಿಯಾ ಕಥೆ ಚಲನಚಿತ್ರವಾಗಿ ಬಂದಿತ್ತು. ಅಲ್ಲಿ ಸಿಂಹವೊಂದು ಅಪರಾಧಿ ಬಾಲಕನ ಬದಲು ತಾನೇ ಬಲಿಯಾಗಿ ಮರಳಿ ಜೀವಂತವಾಗುತ್ತದೆ. ಅದು ಕ್ರಿಸ್ತನ ಕಥೆಯ ರೂಪಕವೆಂಬುದು ಜಗಜ್ಜಾಹೀರು. ಆ ಚಿತ್ರದ ಪ್ರಚಾರ ಚರ್ಚುಗಳ ಮೂಲಕವೇ ನಡೆಯಿತು. ಭಕ್ತಸಮೂಹಗಳು ಸಂತೋಷದಿಂದ ನೋಡಿದುವು. ಅದು ಎರೆಯೆಂದು ಯಾವ ಲೀಗೂ ಕೂಗಲಿಲ್ಲ. ತನ್ನ ಮತವನ್ನು ಕಥೆಯಲ್ಲಿ ಬೆರೆಸಿ ಉಣಿಸಿದರೆ ಅದು ಸಂಸ್ಕಾರ, ಇನ್ನೊಬ್ಬನು ತನ್ನ ಸಂದೇಹವನ್ನು ಬೆರೆಸಿದರೆ ಅದು ವಿಷ ಎನ್ನುವುದು ಯಾವ ನ್ಯಾಯ? ಲೂಯಿಸರಿಗೆ ಇದ್ದ ಸ್ವಾತಂತ್ರ್ಯ ಪುಲ್ಮನ್ನರಿಗೂ ಇರಬೇಡವೇ?

ಬಹಿಷ್ಕಾರದ ಗಾಳಿ ಬೀಸತೊಡಗಿದಾಗ ವಿವೇಕಿಗಳೂ ತಲೆಬಾಗಿದ್ದು ಇನ್ನೂ ಶೋಚನೀಯ. ಅಮೆರಿಕದ ಕ್ಯಾಥೊಲಿಕ್ ಬಿಷಪ್ಪರ ಸಮ್ಮೇಳನದ ಚಲನಚಿತ್ರ ವಿಭಾಗವು ಚಿತ್ರವನ್ನು ನೋಡಿ, ಬಹುಮಟ್ಟಿಗೆ ಮೆಚ್ಚುಗೆಯ ವಿಮರ್ಶೆಯನ್ನೇ ಪ್ರಕಟಿಸಿತ್ತು. ಚಿತ್ರ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ನೋಡಿದವರ ಮಾತು ಅಡಗಿತು. ನೋಡದವರ ಕೂಗು ಉಳಿಯಿತು. ಕೆನಡದ ಒಂಟಾರಿಯೊ ಪ್ರಾಂತದ ಹಾಲ್ಟನ್ನಿನಲ್ಲಿ ಕ್ಯಾಥೊಲಿಕ್ ಶಾಲಾಮಂಡಳಿಯು ಆ ಪುಸ್ತಕವನ್ನು ತನ್ನ ಶಾಲೆಗಳ ಗ್ರಂಥಾಲಯದ ಕಪಾಟುಗಳಿಂದ ತೆಗೆಸಿತು. ಮಕ್ಕಳ ಒಳಿತಿಗಾಗಿಯೇ ಎಂದು ಹೇಳಿ ಮಕ್ಕಳಿಂದ ಏನನ್ನೋ ಕತ್ತರಿಸುವ ಅಧಿಕಾರಿಗಳನ್ನು ಪುಲ್ಮನ್ ತಮ್ಮ ಕಥೆಯಲ್ಲಿ ಕಲ್ಪಿಸಿದ್ದರು. ಆ ಕಲ್ಪನೆ ಚರ್ಚಿಗೆ ಮಾಡಿದ ಅನ್ಯಾಯವೆಂದು ವಾದಿಸಬೇಕಾಗಿದ್ದವರು, ತಮ್ಮ ನಡತೆಯಿಂದಲೇ ಆ ಕಲ್ಪನೆಗೆ ಸಾಕ್ಷಿ ನುಡಿದರು.

ಚಿತ್ರನಿರ್ಮಾಪಕರನ್ನು ಮಾತ್ರ ನಾವು ನಿರ್ದೋಷಿಗಳೆಂದು ಬಿಟ್ಟುಬಿಡುವಂತಿಲ್ಲ. ಹದಿನೆಂಟು ಕೋಟಿ ಡಾಲರುಗಳನ್ನು ಹೂಡಿದ್ದ ಅವರಿಗೆ ಪುಸ್ತಕದ ಕೀರ್ತಿ ಬೇಕಾಗಿತ್ತು, ಅದರ ಸತ್ಯ ಬೇಕಾಗಿರಲಿಲ್ಲ. ಚರ್ಚಿನ ಹೆಸರನ್ನು ಅಳಿಸಿದರು. ಕಥೆಯ ದಾರುಣವಾದ ಕೊನೆಯ ಅಧ್ಯಾಯಗಳನ್ನು ಕತ್ತರಿಸಿ, ಲೈರಾಳು ಹರ್ಷದಿಂದ ಆಕಾಶಮಾರ್ಗದಲ್ಲಿ ಸಾಗುವಲ್ಲಿಗೆ ಚಿತ್ರವನ್ನು ನಿಲ್ಲಿಸಿದರು. ಭಕ್ತರು ಇದರಿಂದ ಸಮಾಧಾನಗೊಳ್ಳಲಿಲ್ಲ. ಕೃತಿಯ ಜೀವಾಳವನ್ನೇ ತೆಗೆದುಬಿಟ್ಟರೆಂದು ಬ್ರಿಟನ್ನಿನ ನಿರೀಶ್ವರವಾದಿಗಳೂ ಆಕ್ಷೇಪಿಸಿದರು. ಭಕ್ತರ ಮೇಲಿನ ಗೌರವದಿಂದ ತಿದ್ದಿದ್ದರೆ ಅದಕ್ಕೊಂದು ಘನತೆ ಇರುತ್ತಿತ್ತು. ಗಲ್ಲಾಪೆಟ್ಟಿಗೆಯ ಮೇಲಿನ ಪ್ರೀತಿಯಿಂದ ತಿದ್ದಿದುದನ್ನು ಸಂಯಮವೆಂದು ಕರೆಯಲಾಗದು. ಹೇಳಬೇಕಾದುದನ್ನು ಧೈರ್ಯವಾಗಿ ಹೇಳದೆ, ಬಿಡಬೇಕಾದುದನ್ನು ಪ್ರಾಮಾಣಿಕವಾಗಿ ಬಿಡದೆ ಇದ್ದ ಈ ನಡುಗುವಿಕೆಯೇ ಬಹಿಷ್ಕಾರದ ಮುಖ್ಯ ಫಲ. ಬೆದರಿಕೆಯಿಂದ ಯಾರ ಅಭಿಪ್ರಾಯವೂ ಬದಲಾಗುವುದಿಲ್ಲ. ಜನ ಸುಳ್ಳಾಡಲು ಕಲಿಯುತ್ತಾರೆ.

ಈ ಸಂದರ್ಭದಲ್ಲಿ ನಮ್ಮ ಪರಂಪರೆಯನ್ನೂ ನೆನೆಯುವುದು ಪ್ರಾಮಾಣಿಕತೆಯ ಲಕ್ಷಣ. ಸೃಷ್ಟಿಕರ್ತನಾದ ಈಶ್ವರನನ್ನು ಜೈನದರ್ಶನ ಒಪ್ಪುವುದಿಲ್ಲ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿದ್ದ ಜಿನಸೇನಾಚಾರ್ಯರು ತಮ್ಮ ಆದಿಪುರಾಣದಲ್ಲಿ ಸೃಷ್ಟಿವಾದವನ್ನು ಒಂದೊಂದೇ ತರ್ಕದಿಂದ ಖಂಡಿಸಿದ್ದಾರೆ. ಹನ್ನೆರಡನೆಯ ಶತಮಾನದ ಬ್ರಹ್ಮಶಿವನು ‘ಸಮಯಪರೀಕ್ಷೆ’ಯಲ್ಲಿಯೂ, ಹದಿನಾಲ್ಕನೆಯ ಶತಮಾನದ ವೃತ್ತವಿಲಾಸನು ‘ಧರ್ಮಪರೀಕ್ಷೆ’ಯಲ್ಲಿಯೂ ಅನ್ಯರ ದೇವತೆಗಳನ್ನೂ ಪುರಾಣಕಥೆಗಳನ್ನೂ ಕನ್ನಡದಲ್ಲಿಯೇ ಪರಿಹಾಸಕ್ಕೆ ಗುರಿಮಾಡಿದ್ದಾರೆ. ಧರ್ಮಪರೀಕ್ಷೆಯಂತೂ ಸ್ವಾರಸ್ಯವಾದ ಕಟ್ಟುಕಥೆಗಳ ಮೂಲಕವೇ ಆ ಕೆಲಸವನ್ನು ಮಾಡುತ್ತದೆ. ಆ ಕವಿಗಳ ಎಲ್ಲ ಮಾತುಗಳೂ ಸೌಮ್ಯವಾಗಿದ್ದುವೆಂದು ನಾವು ಎದೆಮುಟ್ಟಿ ಹೇಳಲಾರೆವು. ಅವನ್ನು ಓದಿದ ಅನ್ಯಮತೀಯರಿಗೆ ನೋವಾಗಿದ್ದರೆ ಆ ನೋವೂ ನಿಜವೇ. ಈ ಗ್ರಂಥಗಳನ್ನು ಹೆಮ್ಮೆಯಿಂದ ಸಂಪಾದಿಸಿ ಮುದ್ರಿಸುವ ನಾವು, ಮತವಿಮರ್ಶೆಯೇ ಕೂಡದೆಂದು ಯಾವ ಬಾಯಿಂದ ಹೇಳೋಣ? ಪರೀಕ್ಷೆ ಮಾಡಿದವರು ಪರೀಕ್ಷೆಗೆ ಒಳಗಾಗಲೂ ಸಿದ್ಧರಿರಬೇಕು.

ಹಾಗೆಂದು ಪುಲ್ಮನ್ನರ ಕೃತಿ ದೋಷಾತೀತವೆಂದಲ್ಲ. ಅವರ ಮ್ಯಾಜಿಸ್ಟೀರಿಯಮ್ಮಿನಲ್ಲಿ ಕ್ರೌರ್ಯವಿದೆ, ಕುತಂತ್ರವಿದೆ. ರೋಗಿಯ ಶುಶ್ರೂಷೆ ಮಾಡುವ ಸನ್ಯಾಸಿನಿಯನ್ನೂ ಹಸಿದವನಿಗೆ ಉಣಬಡಿಸುವ ಪಾದ್ರಿಯನ್ನೂ ಅಲ್ಲಿ ಹುಡುಕಬೇಕು. ಒಂದು ಮಗ್ಗುಲನ್ನೇ ಕಂಡು ಇಡೀ ವಸ್ತುವನ್ನು ಕಂಡೆನೆಂದರೆ ಅದು ಏಕಾಂತ ದೃಷ್ಟಿ. ಆದರೆ ಏಕಾಂತವನ್ನು ಇನ್ನೊಂದು ಏಕಾಂತದಿಂದ ಸರಿಪಡಿಸಲಾಗದು. ಬಿಟ್ಟುಹೋದ ಮಗ್ಗುಲನ್ನು ತೋರಿಸುವುದೇ ಅದಕ್ಕೆ ಮದ್ದು.

ಆ ಮದ್ದನ್ನು ಕ್ರೈಸ್ತರಲ್ಲಿಯೇ ಒಬ್ಬರು ತೋರಿಸಿಕೊಟ್ಟಿದ್ದರು. 2004ರಲ್ಲಿ ಈ ಕಾದಂಬರಿಗಳು ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ ನಾಟಕವಾಗಿ ಪ್ರದರ್ಶಿತವಾಗುತ್ತಿದ್ದಾಗ, ಇಂಗ್ಲೆಂಡಿನ ಚರ್ಚಿನ ಪರಮೋಚ್ಚ ಗುರುಗಳಾಗಿದ್ದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ರೋವನ್ ವಿಲಿಯಮ್ಸ್ ಅದನ್ನು ನೋಡಿದರು, ಮೆಚ್ಚಿ ಬರೆದರು. ಅದೇ ರಂಗಮಂದಿರದಲ್ಲಿ ಲೇಖಕರೊಡನೆ ಕುಳಿತು ಸಾರ್ವಜನಿಕವಾಗಿ ಸಂವಾದ ನಡೆಸಿದರು. ಕಥೆಯ ಪೆಟ್ಟು ಬಿದ್ದಿರುವುದು ಧರ್ಮದ ಹೆಸರಿನಲ್ಲಿ ನಡೆಯುವ ದಬ್ಬಾಳಿಕೆಗೆ ಎಂಬುದು ಅವರ ವಾದ. ಶಾಲೆಗಳ ಧಾರ್ಮಿಕ ಶಿಕ್ಷಣದ ತರಗತಿಗಳಲ್ಲಿಯೇ ಈ ಕೃತಿಯನ್ನು ಚರ್ಚಿಸಬಹುದೆಂದು ಅವರು ಸೂಚಿಸಿದರು. ಇದರಿಂದ ಅವರ ಪೀಠದ ಗೌರವ ಕುಂದಲಿಲ್ಲ. ಪುಲ್ಮನ್ನರೂ ಆಸ್ತಿಕರಾಗಲಿಲ್ಲ. ಭಿನ್ನಾಭಿಪ್ರಾಯ ಉಳಿಯಿತು; ದ್ವೇಷ ಹುಟ್ಟಲಿಲ್ಲ. ಮೂರು ವರ್ಷಗಳ ಅನಂತರ ಬಹಿಷ್ಕಾರದ ಕರೆಯಿತ್ತವರಿಗೆ ಈ ಮಾದರಿ ಕಣ್ಣೆದುರಿಗೇ ಇತ್ತು.

ಕಡೆಗೆ ಯಾರು ಗೆದ್ದರು? ಚಿತ್ರವು ಅಮೆರಿಕದಲ್ಲಿ ಸುಮಾರು ಏಳು ಕೋಟಿ ಡಾಲರು ಮಾತ್ರ ಗಳಿಸಿತು. ಲೀಗು ಜಯಘೋಷ ಮಾಡಿತು. ಮುಂದಿನ ಎರಡು ಭಾಗಗಳು ಚಿತ್ರವಾಗಲಿಲ್ಲ. ಆದರೆ ಹೊರದೇಶಗಳಲ್ಲಿ ಅದೇ ಚಿತ್ರ ಸುಮಾರು ಮೂವತ್ತು ಕೋಟಿ ಡಾಲರುಗಳನ್ನು ಗಳಿಸಿತು. ದೃಶ್ಯಪರಿಣಾಮಗಳಿಗಾಗಿ ಆಸ್ಕರ್ ಪ್ರಶಸ್ತಿಯನ್ನೂ ಪಡೆಯಿತು. 2019ರಿಂದ 2022ರವರೆಗೆ ಮೂರೂ ಕಾದಂಬರಿಗಳು ದೂರದರ್ಶನ ಧಾರಾವಾಹಿಯಾಗಿ ಬಂದುವು. ಆ ಜೀರ್ಣ ದೇವದೂತನ ಅವಸಾನವೂ ಈ ಸಲ ತೆರೆಯ ಮೇಲೆ ಬಂದಿತು. ಚರ್ಚುಗಳ ಗಂಟೆಗಳು ಎಂದಿನಂತೆ ಮೊಳಗುತ್ತಿವೆ. ಒಂದು ಕಥೆಯಿಂದ ಕುಸಿಯುವಂಥದು ಧರ್ಮವಾಗಿರಲಿಲ್ಲವೆಂಬುದನ್ನು ಕಾಲವೇ ತೋರಿಸಿತು. ಹಾಗಾದರೆ ಅಂದಿನ ಭಯವೆಲ್ಲ ಯಾರ ಹಿತಕ್ಕಾಗಿ?

ಮಕ್ಕಳ ಹಿತಕ್ಕಾಗಿ ಎಂಬುದು ಸಿದ್ಧ ಉತ್ತರ. ಮಕ್ಕಳಿಗೆ ವಿವೇಚನೆ ಸಾಲದು ಎಂಬುದು ನಿಜ. ಆದರೆ ವಿವೇಚನೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಬೆಳೆಯುವುದಿಲ್ಲ. ಹತ್ತು ವರ್ಷದ ಮಗು ಚಿತ್ರವನ್ನು ನೋಡಿ ಬಂದು, ‘ದೇವರ ಹೆಸರಿನಲ್ಲಿ ಕೆಟ್ಟದ್ದನ್ನು ಮಾಡುವವರೂ ಇರುತ್ತಾರೆಯೇ?’ ಎಂದು ಕೇಳಿದರೆ ತಂದೆಯು ಏನು ಹೇಳಬೇಕು? ‘ಹೌದು ಮಗು, ಇರುತ್ತಾರೆ, ಅಂಥವರಾಗದಿರಲೆಂದೇ ಧರ್ಮವಿರುವುದು’ ಎಂದು ಹೇಳಬಲ್ಲ ತಂದೆಗೆ ಯಾವ ಚಿತ್ರದ ಭಯವೂ ಇಲ್ಲ. ಆ ಉತ್ತರವನ್ನು ಕೊಡಲಾರದವನು ಮಾತ್ರ ಚಿತ್ರಮಂದಿರದ ಬಾಗಿಲಿಗೆ ಬೀಗ ಹಾಕಿಸಲು ಓಡುತ್ತಾನೆ. ಬೀಗ ಹಾಕಿದರೂ ಮಗುವಿನ ಪ್ರಶ್ನೆ ಅಲ್ಲಿಯೇ ಉಳಿಯುತ್ತದೆ. ಮುಂದೊಂದು ದಿನ ಅದು ಹೊರಬರುವಾಗ, ಕೇಳಲು ತಂದೆತಾಯಿಗಳು ಹತ್ತಿರವಿರುವುದಿಲ್ಲ.

ನಮ್ಮ ಮನೆಗಳಲ್ಲಿಯೂ ಇಂಥ ದಿನ ಬರುತ್ತದೆ. ನಮ್ಮ ಆಚಾರವನ್ನು ಹಂಗಿಸುವ ಒಂದು ಕಥೆಯೋ ಚಿತ್ರವೋ ನಮ್ಮ ಮಕ್ಕಳ ಕೈಗೆ ಬಂದೇ ಬರುತ್ತದೆ. ಅಂದು ನಾವು ಮೆರವಣಿಗೆ ಹೊರಡುವ ಮೊದಲು ಆ ಪುಸ್ತಕವನ್ನು ಮಗುವಿನ ಪಕ್ಕದಲ್ಲಿ ಕುಳಿತು ಓದೋಣ. ಅದರಲ್ಲಿ ಸುಳ್ಳಿದ್ದರೆ ತೋರಿಸೋಣ; ನಿಜವಿದ್ದರೆ ಒಪ್ಪಿಕೊಂಡು ತಿದ್ದಿಕೊಳ್ಳೋಣ. ಧರ್ಮವನ್ನು ಕಾಯಲು ಅಷ್ಟು ಸಾಕು.